ಮೊದಲ ಮಳೆ, ಕೊನೆಯ ಕಂತು

ಮಾಗಡಿ ಸೀಮೆಯಲ್ಲಿ ಹೊಸ ಮನೆಯ ಮೇಲೆ ಮೊದಲ ಮಳೆ ಬಿದ್ದ ದಿನ ಎರಡು ಫೋನುಗಳು ಸ್ವಿಚ್ ಆಫ್ ಆಗುತ್ತವೆ. ಒಂದು ಮೇಸ್ತ್ರಿಯದು, ತಾರಸಿ ಸೋರುವ ಸುದ್ದಿ ಕಿವಿಗೆ ಬೀಳಬಾರದೆಂದು. ಇನ್ನೊಂದು ಯಜಮಾನರದು, ಕೊನೆಯ ಕಂತಿನ ಮಾತು ಏಳಬಾರದೆಂದು. ಇಬ್ಬರಿಗೂ ಬಿಡದೆ ಫೋನು ಹಚ್ಚುತ್ತಿರುವವರು ಯಜಮಾನರ ಹೆಂಡತಿ. ಅಡುಗೆಮನೆಯಲ್ಲಿ ಬಕೆಟ್ ಇಟ್ಟು ಕೂತಿರುವವರು ಅವರೇ ತಾನೆ.

ಕರಾರು ಹೇಗಾಗಿತ್ತು ಎಂದು ಕೇಳಿ. ಉಳಿದೆಲ್ಲ ವಿಷಯದಲ್ಲಿ ಕಚ್ಚಾಡುವ ಇಬ್ಬರೂ ಇಲ್ಲಿ ಮಾತ್ರ ಒಂದೇ ದನಿ: "ನಂಬಿಕೆ ಮೇಲೆ." ಕಲ್ಯ ಎಂಬ ಹಳ್ಳಿಯಿಂದ ಮಾಗಡಿಯ ಕಲ್ಯಾಗೇಟಿಗೆ ಬಂದು, ಬೈಟು ಟೀ ಹೇಳಿ, ಯಾರದೋ ಲಗ್ನಪತ್ರಿಕೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಚದರಕ್ಕೆ ಇಷ್ಟೆಂದು ಒಂದು ಅಂಕಿ ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತಿದರೆ ಕರಾರು ಮುಗಿಯಿತು.

"ಪ್ಲಾಸ್ಟಿಂಗು?"

"ಸೇರಿ ಕಣಣ್ಣ."

"ಸಂಪು?"

"ಅದೇನ್ ದೊಡ್ಡ ಕೆಲ್ಸವಾ, ಮಾಡ್ಕೊಡಾಣ."

"ಮೆಟ್ಲಿಗೆ ಕಂಬಿ, ತಾರಸಿ ಮೇಲಿನ ಮೋಟುಗೋಡೆ?"

"ಅಣ್ಣ, ನೀವೇನು ಬೇರೆಯವ್ರಾ?"

ಈ ಕೊನೆಯ ಪ್ರಶ್ನೆಗೆ "ಹೌದಪ್ಪಾ, ಬೇರೆಯವನೇ" ಎಂದು ಉತ್ತರ ಕೊಟ್ಟ ಯಜಮಾನರು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಬೇಕಷ್ಟೆ. ಲಗ್ನಪತ್ರಿಕೆ ಮೇಸ್ತ್ರಿಯ ಅಂಗಿಜೇಬಿಗೆ ಹೋಗುತ್ತದೆ, ಅಂಗಿ ಒಗೆಯುವ ಕಲ್ಲಿಗೆ ಹೋಗುತ್ತದೆ, ಅಲ್ಲಿಗೆ ದಾಖಲೆ ತೀರಿತು. ಪಾಯ ಮುಗಿಯುವ ಹೊತ್ತಿಗೆ ಮೇಸ್ತ್ರಿಯ ನೆನಪಿನಲ್ಲಿ ಸಂಪು ಎಕ್ಸ್‌ಟ್ರಾ, ಯಜಮಾನರ ನೆನಪಿನಲ್ಲಿ ಕಾಂಪೌಂಡೂ ಸೇರಿ. ಚದರದ ರೇಟಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಸರ್ಕಾರ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟದ್ದು 2025ರಲ್ಲಿ. ನಮ್ಮ ಗಾರೆಯವರು ರೇಟಿನ ಮಟ್ಟಿಗೆ ಆ ಹೆಸರನ್ನು ಎಷ್ಟೋ ವರ್ಷ ಮೊದಲೇ ಇಟ್ಟುಕೊಂಡಿದ್ದರು.

ಇದೇ ಜಿಲ್ಲೆಯ ಜನ ಬೇರೆ ವ್ಯವಹಾರದಲ್ಲಿ ಇಷ್ಟು ಉದಾರಿಗಳಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿ ನೋಡಿ. ರೀಲರು ಗೂಡನ್ನು ಹಿಡಿಯಾಗಿ ಎತ್ತುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಹೆಬ್ಬೆರಳಿನಲ್ಲಿ ಒತ್ತುತ್ತಾನೆ, ಆಮೇಲೆ ಹರಾಜಿಗೆ ಇಳಿಯುತ್ತಾನೆ. ಬೆಲೆ ಒಪ್ಪದಿದ್ದರೆ ರೈತ ಒಲ್ಲೆ ಎನ್ನುತ್ತಾನೆ. ಒಪ್ಪಿದರೆ ತೂಕ, ಲಾಟ್ ನಂಬರು, ದರ, ಚೀಟಿ. ಒಂದು ಕೆಜಿ ಗೂಡಿಗೆ ಇಷ್ಟು ಲೆಕ್ಕವಿಡುವ ಅದೇ ರೈತ, ಅದೇ ಗೂಡಿನ ದುಡ್ಡಿನಲ್ಲಿ ಇಪ್ಪತ್ತು ಲಕ್ಷದ ಮನೆ ಎಬ್ಬಿಸುವಾಗ ಚೀಟಿ ಕೇಳುವುದಿಲ್ಲ. ಕೇಳಿದರೆ ಮೇಸ್ತ್ರಿ ನೊಂದುಕೊಂಡಾನು ಎಂಬ ಅಂಜಿಕೆ.

ಕೆಲಸದ ವಿಷಯಕ್ಕೆ ಬರೋಣ. ಒಂದು ಬಚ್ಚಲುಮನೆ. ಟೈಲ್ಸು ಮಿರಮಿರ ಹೊಳೆಯುತ್ತಿದೆ, ಸಿಮೆಂಟಿನ ಕಲೆಯಿಲ್ಲ, ಮೂಲೆಗಳು ನೇರ. ಒಂದು ಚೊಂಬು ನೀರು ಹುಯ್ದರೆ ಆ ನೀರು ಜಾಲರಿಯ ಕಡೆಗೆ ಒಂದು ಗೇಣು ಹೋಗಿ, ಏನೋ ನೆನಪಾದವರ ಹಾಗೆ ನಿಂತು, ತಿರುಗಿ ಹೊಸ್ತಿಲು ದಾಟಿ ನಡುಮನೆಗೆ ಬರುತ್ತದೆ. ಮಗು ಗೋಲಿ ಬಿಟ್ಟು ನೋಡಿತು. ಗೋಲಿ ದೇವರಮನೆ ಬಾಗಿಲಲ್ಲಿ ನಿಂತಿತು. ಮೇಸ್ತ್ರಿಯನ್ನು ಹೇಗೋ ಹುಡುಕಿ ಕರೆತಂದು ತೋರಿಸಿದರು. ಆತ ಕೂತ, ಅಂಗೈ ಊರಿ ನೋಡಿದ, ಸೂರ್ಯ ಎಲ್ಲಿದ್ದಾನೆಂದು ಕಿಟಕಿಯಲ್ಲಿ ಇಣುಕಿದ.

"ಗೌಡ್ರೆ, ನೀರು ಈಶಾನ್ಯಕ್ಕೆ ಓಯ್ತಾದೆ. ವಾಸ್ತು ಪ್ರಕಾರ ಅಂಗೇ ಓಗ್ಬೇಕು. ಜಾಲರಿ ಇರೋ ಜಾಗವೇ ಸರಿಯಿಲ್ಲ, ಪ್ಲಂಬರ್ ಮಾಡಿರೋ ತಪ್ಪು."

ಒಂದೇ ಉಸಿರಿನಲ್ಲಿ ಶಾಸ್ತ್ರವನ್ನು ಸಾಕ್ಷಿಗೆ ಕರೆದು, ಪ್ಲಂಬರನ್ನು ಕಟಕಟೆಗೆ ಹತ್ತಿಸಿ, ತಾನು ತೀರ್ಪುಗಾರನಾಗುವ ಈ ವಿದ್ಯೆ ಯಾವ ಲಾ ಕಾಲೇಜಿನಲ್ಲೂ ಸಿಗದು. ಪ್ಲಂಬರನ್ನು ಕೇಳಿದರೆ ಎಲೆಕ್ಟ್ರಿಷಿಯನ್ ಗೋಡೆ ಕೊರೆದದ್ದರಿಂದ ಪೈಪು ಸರಿಸಬೇಕಾಯಿತು ಎನ್ನುತ್ತಾನೆ. ಎಲೆಕ್ಟ್ರಿಷಿಯನ್ ಬಡಗಿಯ ಮೇಲೆ ಹಾಕುತ್ತಾನೆ. ಬಡಗಿ ಚನ್ನಪಟ್ಟಣದ ಕಡೆಯವನು. ಬೊಂಬೆ ಕಡೆಯುವವರ ಊರಿನವನೆಂದು ಆತನ ಬಗ್ಗೆ ಯಜಮಾನರಿಗೆ ಭಾರೀ ಭರವಸೆ ಇತ್ತು. ಬಾಗಿಲು ಹಾಕಿಕೊಳ್ಳದಿದ್ದಕ್ಕೆ ಆತ ಮಳೆಗಾಲವನ್ನು ಹೊಣೆ ಮಾಡಿದ. ಮಳೆಗಾಲ ಯಾರ ಮೇಲೂ ಹಾಕುವುದಿಲ್ಲ, ಸುಮ್ಮನೆ ಸುರಿಯುತ್ತದೆ.

ಬಿರುಕಿನ ಶಾಸ್ತ್ರ ಇನ್ನೂ ಗಹನ. ಗೋಡೆಯ ಮೂಲೆಯಿಂದ ಕಿಟಕಿಯವರೆಗೆ ಬೆರಳು ತೂರುವಷ್ಟು ಸೀಳಿದ್ದರೂ ಅದು "ಏರ್ ಕ್ರ್ಯಾಕು ಸಾರ್, ಎಲ್ಲಾ ಮನೇಲೂ ಬತ್ತದೆ." ಎರಡನೆಯ ಹಂತ: "ಮನೆ ಕೂತ್ಕತಾ ಅದೆ." ಮೂರನೆಯದು ರಾಮಬಾಣ: "ನೀವು ನೀರು ಹೊಡೀಲಿಲ್ಲ." ಇಲ್ಲಿ ಯಜಮಾನರ ಬಾಯಿ ಕಟ್ಟುತ್ತದೆ, ಏಕೆಂದರೆ ಹೊಡೆದಿರುವುದಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವ ಪ್ರಕಾರ ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ಎಡೆಬಿಡದೆ ಒದ್ದೆಯಾಗಿರಬೇಕು. ಲೇಬರ್ ಕಾಂಟ್ರಾಕ್ಟಿನಲ್ಲಿ ನೀರು ಹೊಡೆಯುವುದು ಯಜಮಾನರ ಪಾಲು. ಅವರು ಬೆಂಗಳೂರಿನ ಕಂಪನಿಯ ಶಿಫ್ಟಿನಲ್ಲಿದ್ದಾರೆ. ಹಳ್ಳಿಯಲ್ಲಿರುವ ಅಪ್ಪನಿಗೆ ಫೋನು ಮಾಡಿ ಹೇಳುತ್ತಾರೆ. ತ್ರೀಫೇಸ್ ಕರೆಂಟು ಬರುವುದು ಅಪ್ಪ ಮಲಗಿದ ಮೇಲೆ. ಮೊದಲ ದಿನ ಪಾತಿ ಕಟ್ಟಿ ನೀರು ನಿಲ್ಲಿಸಿದರು, ಎರಡನೆಯ ದಿನ ಚಿಮುಕಿಸಿದರು, ಮೂರನೆಯ ದಿನ ಯಾರದೋ ಬೀಗರೂಟವಿತ್ತು.

ಮೇಸ್ತ್ರಿಯೂ ಐಎಸ್ 456 ಅರೆದು ಕುಡಿದವನೇನಲ್ಲ. ಎಂ20 ಕಾಂಕ್ರೀಟಿಗೆ 50 ಕೆಜಿಯ ಒಂದು ಚೀಲಕ್ಕೆ ನೀರು 30 ಲೀಟರು ಮೀರಬಾರದು ಎಂದು ಅದೇ ಪುಸ್ತಕ ಹೇಳುತ್ತದೆ. ಮಿಕ್ಸರಿನ ಬಾಯಿಗೆ ಪೈಪು ಬಿಟ್ಟು ಒಂದು ಬೀಡಿ ಹಚ್ಚಿದರೆ, ಆ ಬೀಡಿ ಮುಗಿಯುವ ಹೊತ್ತು ನಮ್ಮ ಕಡೆಯ 30 ಲೀಟರು. ನೀರು ಹೆಚ್ಚಿದರೆ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ, ಆಳುಗಳಿಗೆ ಸುಲಭ, ಸೆಂಟ್ರಿಂಗ್ ಹಲಗೆಯ ಸಂದಿಯಲ್ಲಿ ಸಿಮೆಂಟಿನ ಹಾಲು ಇಳಿದುಹೋಗುತ್ತದೆ. ಇಲ್ಲಿ ಬಿದ್ದ ಹೆಚ್ಚಿನ ನೀರಿಗೂ ಆಮೇಲೆ ಹೊಡೆಯದೆ ಬಿಟ್ಟ ನೀರಿಗೂ ಸರಿಹೋಯಿತು ಎಂದು ಇಬ್ಬರೂ ಮನಸ್ಸಿನಲ್ಲಿ ಜಮಾಖರ್ಚು ಮಾಡಿಕೊಂಡಿರುತ್ತಾರೆ.

ಯಜಮಾನರ ಇನ್ನೊಂದು ಪರಾಕ್ರಮವನ್ನೂ ಹೇಳಬೇಕು. ಎಂ-ಸ್ಯಾಂಡು ಲೋಡಿಗೆ ಸಾವಿರ ಕಮ್ಮಿ ಎಂದು ಹಿಟ್ಟಿನಂಥ ಡಸ್ಟನ್ನು ತರಿಸಿ ಸುರಿಸಿಕೊಳ್ಳುವವರು ಇವರೇ. ಭಾವಮೈದ ಯೂಟ್ಯೂಬ್ ನೋಡಿ ಹೇಳಿದನೆಂದು ಎದ್ದ ಗೋಡೆಯನ್ನು ಒಂದೂವರೆ ಅಡಿ ಸರಿಸಿಸುವವರೂ ಇವರೇ. ಒಡೆದದ್ದಕ್ಕೆ ಕೂಲಿ ಯಾರು ಕೊಡಬೇಕೆಂದು ಮೇಸ್ತ್ರಿ ಕೇಳಿದರೆ, "ಅದೆಲ್ಲ ಅಡ್ಜಸ್ಟ್ ಮಾಡ್ಕೊಳ್ಳಪ್ಪ." ಆತ ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ. ಎಲ್ಲಿ ಎಂಬುದು ಮೊದಲ ಮಳೆಯಲ್ಲಿ ತಿಳಿಯುತ್ತದೆ.

ಮುಂಭಾಗಕ್ಕೆ ಮಾತ್ರ ಇಬ್ಬರೂ ಕೈ ಬಿಗಿಹಿಡಿಯುವುದಿಲ್ಲ. ಅದಕ್ಕೆ ಎಲಿವೇಶನ್ ಎಂದು ಹೆಸರು. 1975ರಲ್ಲಿ ತೆರೆಕಂಡ 'ಶೋಲೆ'ಗಾಗಿ ರಾಮನಗರದ ಬಂಡೆಗಳ ಬುಡದಲ್ಲಿ ಒಂದು ಇಡೀ ಊರಿನ ಸೆಟ್ಟು ಎಬ್ಬಿಸಿದ್ದರು. ಚಿತ್ರೀಕರಣ ಮುಗಿದ ಮೇಲೆ ಆ ಊರು ಹೋಯಿತು, ಮುಂದೆ ಚೆಂದ ಕಂಡರೆ ಸಾಕು ಎಂಬ ಸಿದ್ಧಾಂತ ಇಲ್ಲೇ ಉಳಿಯಿತು.

ಈಗ ದುಡ್ಡಿನ ಒಳಗುಟ್ಟು. ಕೆಲಸ ಹಾಳಾಗುವುದು ಕರಣೆ ಹಿಡಿಯಲು ಬಾರದ್ದಕ್ಕಿಂತ ಹೆಚ್ಚಾಗಿ ಇಲ್ಲೇ. ಯಜಮಾನರ ಕೈಯಲ್ಲಿರುವ ಒಂದೇ ಆಯುಧ ಕೊನೆಯ ಕಂತು. ಮೇಸ್ತ್ರಿಗೆ ಇದು ಹಿಂದಿನ ಹತ್ತು ಮನೆಗಳಿಂದ ಗೊತ್ತು. ಆದ್ದರಿಂದ ಆತ ಮೊದಲ ಮೂರು ಕಂತಿನಲ್ಲೇ ತನ್ನ ಲಾಭ ಎತ್ತಿಟ್ಟುಕೊಳ್ಳುತ್ತಾನೆ. ಪಾಯಕ್ಕೆಂದು ಪಡೆದದ್ದರಲ್ಲಿ ಮಗಳ ಕಾಲೇಜು ಫೀಸು ಹೋಗಿರುತ್ತದೆ, ಮೋಲ್ಡಿಗೆಂದು ಪಡೆದದ್ದರಲ್ಲಿ ಹಿಂದಿನ ಸೈಟಿನ ಕಂಬಿ ಅಂಗಡಿಯ ಸಾಲ. ಪ್ಲಾಸ್ಟಿಂಗು ಟೈಲ್ಸಿನ ಹೊತ್ತಿಗೆ ಈ ಮನೆಯಲ್ಲಿ ಇನ್ನು ಒಂದು ದಿನ ನಿಂತರೂ ಕೈಯಿಂದ ಹಾಕಬೇಕು. ಆಗ ಕುದೂರಿನಲ್ಲಿ ಹೊಸ ಗುದ್ದಲಿ ಪೂಜೆ. ಅಲ್ಲಿನ ಅಡ್ವಾನ್ಸಿನಲ್ಲಿ ಕಲ್ಯದ ಬಟವಾಡೆ. ಕುದೂರಿನ ಗೋಡೆ ಎದ್ದ ಮೇಲೆ ಸೋಲೂರಿನ ಅಡ್ವಾನ್ಸು, ಅದರಲ್ಲಿ ಕುದೂರಿನ ತಾರಸಿ. ಹೀಗೆ ಸೀಮೆಯ ಪ್ರತಿಯೊಂದು ಮನೆಯನ್ನೂ ಅದರ ಮುಂದಿನ ಮನೆಯವರು ಕಟ್ಟಿಸಿಕೊಡುತ್ತಿದ್ದಾರೆ. ತಮ್ಮ ಮನೆಯ ಮೇಸ್ತ್ರಿ ಎಲ್ಲಿ ಹೋದ ಎಂದು ಹುಡುಕುವ ಯಜಮಾನರು ಹೊಸದಾಗಿ ಪಾಯ ತೆಗೆಯುತ್ತಿರುವ ಸೈಟುಗಳನ್ನು ಸುತ್ತಿದರೆ ಸಾಕು.

ಅತ್ತ ಯಜಮಾನರು ಕೊನೆಯ ಕಂತನ್ನು ಎತ್ತಿಟ್ಟಿದ್ದಾರೆಂದು ನೀವು ನಂಬಿದರೆ ನೀವು ಗೃಹಪ್ರವೇಶ ಮಾಡಿದವರಲ್ಲ. ಆ ದುಡ್ಡು ಶಾಮಿಯಾನಕ್ಕೆ, ಬಾಡೂಟಕ್ಕೆ, ಬೀಗರ ಸೀರೆಗೆ ಹೋಗಿ ತಿಂಗಳಾಗಿರುತ್ತದೆ. ಬಚ್ಚಲ ನೀರು ನಡುಮನೆಗೆ ಬಂದದ್ದು ಅವರ ಪಾಲಿಗೆ ದೇವರೇ ಕೊಟ್ಟ ನೆಪ. "ಸರಿ ಮಾಡೋವರ್ಗೂ ಒಂದ್ ರೂಪಾಯಿ ಬಿಚ್ಚಲ್ಲ" ಎಂಬ ಸಿಡಿಮಿಡಿಯ ಹಿಂದೆ ಬಿಚ್ಚಲು ರೂಪಾಯಿ ಇಲ್ಲ ಎಂಬ ಸತ್ಯವಿದೆ. ಮೇಸ್ತ್ರಿ ಬಂದು ಸರಿ ಮಾಡಿಬಿಟ್ಟರೆ ಇವರಿಗೆ ಪಜೀತಿ.

ಇಬ್ಬರ ಈ ಸೊಗಸಾದ ಹೊಂದಾಣಿಕೆಯಲ್ಲಿ ನಿಜವಾಗಿ ಮುಳುಗುವವಳು ಬಾಂಡ್ಲಿ ಹೊತ್ತ ಹೆಣ್ಣಾಳು. ಶನಿವಾರ ಸಂಜೆ ಮೇಸ್ತ್ರಿ ಹೇಳುತ್ತಾನೆ: "ಗೌಡ್ರು ದುಡ್ಡು ಕೊಟ್ಟಿಲ್ಲ ಕಣಮ್ಮಿ, ಮುಂದ್ಲ ವಾರ." ಗೌಡರ ಮನೆಗೆ ಹೋದರೆ: "ನಿನ್ ಲೆಕ್ಕ ನಂಗೇನ್ ಗೊತ್ತು, ಮೇಸ್ತ್ರಿನ ಕೇಳು." ಆಕೆ ಇಟ್ಟ ಇಟ್ಟಿಗೆ ಸೊಟ್ಟಗಿಲ್ಲ, ಆಕೆ ನೀರಿನ ಪೈಪು ಬಿಟ್ಟವಳಲ್ಲ, ಆಕೆಯ ಕೆಲಸದ ಬಗ್ಗೆ ಯಾರ ತಕರಾರೂ ಇಲ್ಲ. ಬಾಕಿ ಮಾತ್ರ ಮೊದಲು ನಿಲ್ಲುವುದು ಆಕೆಯದೇ. ಈ ಜಗಳದ ಪಂಚಾಯ್ತಿಗೆ ಆಕೆಯನ್ನು ಯಾರೂ ಕರೆಯುವುದೂ ಇಲ್ಲ.

ಕಟ್ಟಿದ್ದು ಕೆಟ್ಟರೆ ಸಂಬಂಧವಿಲ್ಲದವರು ಬೆಲೆ ತೆರುವುದು ನಮ್ಮಲ್ಲಿ ಹಳೆಯ ಪದ್ಧತಿ. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಗೆ ಕೈಹಾಕಿದಾಗ ದಕ್ಷಿಣದ ಹೆಬ್ಬಾಗಿಲು ಹಗಲು ನಿಂತು ರಾತ್ರಿ ಬೀಳುತ್ತಿತ್ತಂತೆ. ಸೊಸೆ ಲಕ್ಷ್ಮಮ್ಮ ಪ್ರಾಣ ಕೊಟ್ಟ ಮೇಲೆ ನಿಂತಿತೆಂದು ಐತಿಹ್ಯ, ಕೋರಮಂಗಲದಲ್ಲಿ ಆಕೆಯ ಸಮಾಧಿ ಇದೆ. ಜನಪದರ 'ಕೆರೆಗೆ ಹಾರ'ದಲ್ಲಿ ಕೆರೆಗೆ ನೀರು ಬರದಿದ್ದಾಗ ಹೋದದ್ದೂ ಕಿರಿಸೊಸೆ ಭಾಗೀರಥಿಯೇ. ಆ ತಾಯಂದಿರಿಗೆ ಕೈಮುಗಿದೇ ಕೇಳುತ್ತೇನೆ: ಗಾರೆಯವನನ್ನು ಕರೆದು "ಸುಣ್ಣಕ್ಕೆ ಮರಳು ಎಷ್ಟು ಹಾಕಿದೆಯಪ್ಪಾ" ಎಂದು ವಿಚಾರಿಸಿದ ಒಂದು ಸಾಲಾದರೂ ಈ ಕತೆಗಳಲ್ಲಿ ಇದೆಯೇ? ನಮಗೆ ತ್ಯಾಗ ಬೇಕು, ತನಿಖೆ ಬೇಡ.

ಪಂಚಾಯ್ತಿ ಈಗ ಅರಳಿಕಟ್ಟೆಯಿಂದ ಪಕ್ಷದ ಮುಖಂಡರ ಆಫೀಸಿಗೆ ಹೋಗಿದೆ. ಫ್ಯಾನು ತಿರುಗುತ್ತಿರುತ್ತದೆ. ಮೇಸ್ತ್ರಿ ಚುನಾವಣೆಯಲ್ಲಿ ಬೂತ್ ಏಜೆಂಟಾಗಿದ್ದವನು, ಯಜಮಾನರದು ಆರು ಓಟಿನ ಮನೆ. ಮುಖಂಡರು ಇಬ್ಬರ ಮಾತನ್ನೂ ಕಣ್ಣು ಮುಚ್ಚಿ ಕೇಳಿ, "ಅವ್ನು ಅರವತ್ತು ಕೇಳ್ತಾನೆ, ನೀನು ಕೊಡಲ್ಲ ಅಂತೀಯ. ಮೂವತ್ತಕ್ಕೆ ಮುಗಿಸ್ಕಳಿ, ನಾಳೆ ಮುಖ ನೋಡ್ಕಬೇಕಾದವ್ರು" ಎಂದು ತೀರ್ಪು ಕೊಡುತ್ತಾರೆ. ಕೈ ಕುಲುಕುತ್ತಾರೆ, ಟೀ ಬರುತ್ತದೆ. ತಾರಸಿ ಹತ್ತಿ ನೋಡಿದವರು ಯಾರೂ ಇಲ್ಲ. ಕೆಲಸ ಕೆಟ್ಟಿತ್ತೇ ಇಲ್ಲವೇ ಎಂಬ ಪ್ರಶ್ನೆ ಬರಲೇ ಇಲ್ಲ. ಕೆಟ್ಟಿದ್ದರೆ ಮೂವತ್ತು ಸಾವಿರ ಏಕೆ ಕೊಡಬೇಕು, ಕೆಟ್ಟಿಲ್ಲದಿದ್ದರೆ ಮೂವತ್ತು ಸಾವಿರ ಏಕೆ ಬಿಡಬೇಕು? ಅರ್ಧಕ್ಕರ್ಧ ಎಂಬುದು ನಮ್ಮಲ್ಲಿ ನ್ಯಾಯದ ಇನ್ನೊಂದು ಹೆಸರು. ಮುಂದಿನ ಮಳೆಗೆ ಮಾತ್ರ ಈ ರಾಜಿಯ ವಿಷಯ ಗೊತ್ತಿರುವುದಿಲ್ಲ.

ಇದನ್ನೂ ಒಪ್ಪದ ಕೆಚ್ಚಿನ ಯಜಮಾನರು ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ. "ಇದು ಸಿವಿಲ್ ಮ್ಯಾಟರ್ ಕಣ್ರೀ" ಎಂಬ ಉತ್ತರ ಅಲ್ಲಿ ತಯಾರಿದೆ. ಅದು ಸರಿಯೇ. ಆದರೆ ಸಿವಿಲ್ ಎಂದರೆ ಮೊಮ್ಮಕ್ಕಳ ಕಾಲಕ್ಕೆ ಎಂದು ತಿಳಿದು ವಾಪಸ್ ಬರುತ್ತಾರಲ್ಲ, ಅದು ತಪ್ಪು. ಮನೆ ಕಟ್ಟಿಕೊಡುವುದೂ ಸೇವೆಯೇ, ಅದರ ಕೊರತೆಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟು ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿಯೇ ಮೂವತ್ತು ವರ್ಷ ಸಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದೂರು ಕೊಡಲು ಎರಡು ವರ್ಷ ಗಡುವು. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಕೊಡಬಹುದು. ಕೆಲಸಕ್ಕೆ ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, 10ರಿಂದ 20 ಲಕ್ಷಕ್ಕೆ 400 ರೂಪಾಯಿ. ಗುದ್ದಲಿ ಪೂಜೆಯ ದಿನ ಮುಖಂಡರಿಗೆ ಹಾಕಿದ ಹಾರ ಇದಕ್ಕಿಂತ ದುಬಾರಿ. ಲಾಯರನ್ನು ಇಡಲೇಬೇಕೆಂದಿಲ್ಲ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ 1915ಕ್ಕೆ ಫೋನು ಮಾಡಿ, ಆ ನಂಬರು ಸ್ವಿಚ್ ಆಫ್ ಆಗುವ ಮೇಸ್ತ್ರಿಯದಲ್ಲ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯದು. ಪರೀಕ್ಷೆ ಬೇಡದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯ ಆಸೆ. ಕಾಯ್ದೆಗೂ ಆಸೆ ಇರುತ್ತದೆ.

ಆದರೆ ಆಯೋಗ ಮೊದಲು ಕೇಳುವುದು ಕರಾರು ಎಲ್ಲಿ, ರಸೀದಿ ಎಲ್ಲಿ ಎಂದು. ಬಾಯಿಮಾತಿನ ಕರಾರೂ ಕರಾರೇ, 1872ರ ಕರಾರು ಕಾಯ್ದೆ ಅದನ್ನು ತಳ್ಳಿಹಾಕುವುದಿಲ್ಲ. ಸಾಬೀತು ಮಾಡುವುದು ಹೇಗೆ? ಒಗೆಯುವ ಕಲ್ಲನ್ನು ಸಾಕ್ಷಿಗೆ ಕರೆಯಲಾದೀತೆ? ಇನ್ನೊಂದು ತಮಾಷೆ ಕೇಳಿ. ದಿನಗೂಲಿ ಕೊಟ್ಟು, ಬೆಳಗಿನಿಂದ ಸಂಜೆವರೆಗೆ ಕುರ್ಚಿ ಹಾಕಿ ಕೂತು, ಈ ಇಟ್ಟಿಗೆ ಇಲ್ಲಿಡು ಆ ಇಟ್ಟಿಗೆ ಅಲ್ಲಿಡು ಎಂದು ಕೆಲಸ ಮಾಡಿಸಿದವರಿಗೆ, ಇದು ನಿಮ್ಮ ಕೈಕೆಳಗಿನ ಆಳಿನ ಕೆಲಸ, ಗ್ರಾಹಕ ಕಾಯ್ದೆಯ ಸೇವೆಯಲ್ಲ ಎಂಬ ವಾದ ಎದುರಾಗಬಹುದು. ವೈಯಕ್ತಿಕ ಸೇವೆಯ ಕರಾರನ್ನು ಕಾಯ್ದೆ ಹೊರಗಿಟ್ಟಿದೆ. ಯಜಮಾನಿಕೆಯ ಠೀವಿಯೇ ಯಜಮಾನರನ್ನು ಮುಳುಗಿಸುವುದೆಂದರೆ ಇದು. ಮೇಸ್ತ್ರಿಗೂ ಕಾನೂನು ಬಾಗಿಲು ಮುಚ್ಚಿಲ್ಲ. ಮಾಡಿದ ಕೆಲಸದ ಬಾಕಿಗೆ ಮೂರು ವರ್ಷದೊಳಗೆ ಸಿವಿಲ್ ಕೋರ್ಟಿಗೆ ಹೋಗಬಹುದು. ಆತನೂ ಹೋಗುವುದಿಲ್ಲ. ಹೋದರೆ ಪಾಯಕ್ಕೆ ಪಡೆದದ್ದು, ಮೋಲ್ಡಿಗೆ ಪಡೆದದ್ದು ಎಲ್ಲಕ್ಕೂ ಲೆಕ್ಕ ಕೊಡಬೇಕಾಗುತ್ತದೆ.

ಬರೆದಿಡುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ಕಲ್ಯದ ಕಲ್ಲನ್ನು ಒಮ್ಮೆ ನೋಡಲಿ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ತೀರಿಸಿದ ಶಾಸನ ಶ್ರವಣಬೆಳಗೊಳದಲ್ಲಿದೆ, ಕಲ್ಯದಲ್ಲೂ ಇದೆ. ಸಾಮರಸ್ಯದ ಭಾಷಣಕ್ಕೆ ಎಲ್ಲರೂ ಅದನ್ನು ಬಳಸುತ್ತಾರೆ. ಕೆಳಗಿನ ಲೆಕ್ಕವನ್ನು ಓದುವವರು ಕಮ್ಮಿ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಯಾರು ಕೊಡಬೇಕು, ಎಷ್ಟು, ಯಾವಾಗ, ಯಾವ ಕೆಲಸಕ್ಕೆ, ಮಿಕ್ಕದ್ದು ಎಲ್ಲಿಗೆ, ತಪ್ಪಿದವನ ಗತಿ ಏನು, ಎಲ್ಲವೂ ಕಲ್ಲಿನ ಮೇಲಿದೆ. ಸುಣ್ಣ ಹೊಡೆಯುವ ಕೆಲಸಕ್ಕೆ! ಇದಕ್ಕಿಂತ ಜಾಣತನ, ಹೊಣೆ ಹೊರಿಸಿದ್ದು ಯಾರ ಮೇಲೆ ಎಂಬುದು. ಜೈನ ಬಸದಿಗೆ ಸುಣ್ಣ ಹೊಡೆಸಬೇಕಾದವರು ತಿರುಮಲೆಯ ತಾತಯ್ಯ, ಅಂದರೆ ಎದುರು ಪಕ್ಷದ ಹಿರಿಯರು. ಅರ್ಧಕ್ಕರ್ಧ ಎಂದು ಕೈ ತೊಳೆದುಕೊಳ್ಳದೆ, ಜಗಳವಾಡಿದವರಿಂದಲೇ ಕೆಲಸ ಮುಗಿಸಿಸುವ ತೀರ್ಪು ಅದು. ರಾಜನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದವನು ಕಲ್ಲೆಹದ ಬುಸುವಿಸೆಟ್ಟಿ ಎಂದು ಬೆಳಗೊಳದ ಕಲ್ಲು ಹೇಳುತ್ತದೆ. ಕಲ್ಲೆಹ ಎಂದರೆ ಇದೇ ಕಲ್ಯ. ಎರಡೂ ಪಕ್ಷ ಸೇರಿ ಆತನಿಗೆ ಸಂಘನಾಯಕ ಪಟ್ಟ ಕಟ್ಟಿದವು. ಇವತ್ತು ಅದೇ ಊರಿನಲ್ಲಿ ಒಂದು ಹಾಳೆ ಕಾಗದ ಕೇಳಿದ ಯಜಮಾನರಿಗೆ ಸಿಗುವ ಪಟ್ಟ "ಕಿರಿಕ್ ಪಾರ್ಟಿ."

ಆ ಬಿರುದನ್ನು ಒಪ್ಪಿಕೊಂಡುಬಿಡಿ. ಕಲ್ಲು ಬೇಡ, ಒಂದು ಹಾಳೆ ಸಾಕು. ಏನೇನು ಸೇರಿದೆ, ಸಿಮೆಂಟು ಮರಳು ಯಾರದು, ನೀರು ಯಾರು ಹೊಡೆಯುತ್ತಾರೆ, ಯಾವ ಹಂತ ಮುಗಿದರೆ ಎಷ್ಟು, ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು ಎಷ್ಟು. ಇಬ್ಬರ ಸಹಿ, ಇಬ್ಬರ ಹತ್ತಿರವೂ ಒಂದೊಂದು ಪ್ರತಿ. ಕೊಟ್ಟ ದುಡ್ಡು ಬ್ಯಾಂಕಿನ ಮೂಲಕ, ಗೋಡೆಯ ಫೋಟೋ ತಾರೀಖಿನ ಸಮೇತ. ಆ ಹಾಳೆಯಲ್ಲಿ ಇನ್ನೂ ಒಂದು ಸಾಲು ಸೇರಿಸಿ: ಜಗಳ ಏನೇ ಇರಲಿ, ಬಾಂಡ್ಲಿ ಹೊತ್ತವರ ಕೂಲಿ ಆಯಾ ಶನಿವಾರವೇ ಕೊಡಬೇಕು. ಇಷ್ಟಕ್ಕೆ ಸಹಿ ಹಾಕಲು ಹಿಂದೇಟು ಹೊಡೆಯುವ ಮೇಸ್ತ್ರಿಗೆ ಅಡ್ವಾನ್ಸ್ ಕೊಡಬೇಡಿ. ಮೇಸ್ತ್ರಿಗಳೇ, ಹಿಂದೇಟು ಹೊಡೆಯುವ ಯಜಮಾನರ ಪಾಯ ತೆಗೆಯಬೇಡಿ.